ಸಣ್ಣ ಡೀಸೆಲ್ ಫೋರ್ ಬೈ ಫೋರ್ ಯಾಕೆ ಬರುತ್ತಿಲ್ಲ, ಕಾಯಬೇಕಾ?

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಸಕಲೇಶಪುರದ ತೋಟಕ್ಕೆ ಮಾರುತಿಯ ಜಿಮ್ನಿ ಅಳತೆಯ ಗಾಡಿ ಬೇಕು. ಡೀಸೆಲ್ ಇರಬೇಕು, ಫೋರ್ ಬೈ ಫೋರ್ ಇರಬೇಕು (ಅಂದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಸಿಗಬೇಕು), ಸನ್‌ರೂಫ್ ಮತ್ತು ದೊಡ್ಡ ಸ್ಕ್ರೀನ್ ಬೇಡ, ಹತ್ತು–ಹನ್ನೆರಡು ಲಕ್ಷದೊಳಗೆ ಬರಬೇಕು. "ಈ ಗುಂಪಲ್ಲೇ ನೂರು ಜನ ತಗೋತಾರೆ, ಕಂಪನಿಯವರಿಗೆ ಯಾಕೆ ಕೇಳಿಸಲ್ಲ? ಇನ್ನೆರಡು ವರ್ಷ ಕಾಯಲಾ?" ಅಂತ ಕೇಳಿದ್ದೀರಿ. ಕೆಳಗೆ ಒಂದಿಬ್ಬರು ಕಂಪನಿಗಳಿಗೆ ಬುದ್ಧಿಯೇ ಇಲ್ಲ ಅಂತ ಬರೆದಿದ್ದಾರೆ.

ಕಾಯಬೇಡಿ. ನಾನು ಬಿಡದಿ ಕಡೆ ಕಾರಿನ ಪ್ಲಾಸ್ಟಿಕ್ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕೋಟೇಶನ್ ಹಾಕುವ ಕೆಲಸದಲ್ಲಿದ್ದೇನೆ. ಹೊಸ ಮಾಡೆಲ್‌ನ ಲೆಕ್ಕ ಹೇಗೆ ನಡೆಯುತ್ತದೆ ಅಂತ ಪಕ್ಕದಿಂದ ನೋಡುತ್ತಿರುತ್ತೇನೆ. ಅದು ಗೊತ್ತಾದರೆ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯೋದು ದಂಡ ಅಂತ ನಿಮಗೇ ತಿಳಿಯುತ್ತದೆ.

ಮೊದಲು ತೆರಿಗೆ. ನಮ್ಮ ದೇಶದಲ್ಲಿ ಸಣ್ಣ ಗಾಡಿಯ ಆಕಾರವನ್ನು ಅರ್ಧ ನಿರ್ಧಾರ ಮಾಡಿದ್ದು ಇದೇ. 2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಕಾರುಗಳಿಗೆ ಎಕ್ಸೈಸ್ ಸುಂಕ 24 ಪರ್ಸೆಂಟ್‌ನಿಂದ 16ಕ್ಕೆ ಇಳಿಯಿತು. ಅಲ್ಲಿಂದ ಎಲ್ಲರೂ ಆ ಗೆರೆಯ ಒಳಗೆ ಗಾಡಿ ಕೂರಿಸಲು ಹೊರಟರು. 2008ರ ಡಿಸೈರ್ 4160 ಮಿಲಿಮೀಟರ್ ಉದ್ದ ಇತ್ತು. 2012ರ ಡಿಸೈರ್ 3995ಕ್ಕೆ ಬಂತು. ಹಿಂದಿನ ಡಿಕ್ಕಿ ಮೊಟಕಾಗಿದ್ದು ಯಾರೋ ಗಿರಾಕಿ ಕೇಳಿದ್ದಕ್ಕಲ್ಲ. 2016ರಲ್ಲಿ ಬೊಲೆರೊ ಕೂಡ ಪವರ್ ಪ್ಲಸ್ ಅಂತ 1.5 ಲೀಟರ್ ಎಂಜಿನ್ ಹಾಕಿಕೊಂಡು 4 ಮೀಟರ್ ಒಳಗೆ ಬಂತು.

2025ರ ಸೆಪ್ಟೆಂಬರ್ 22ರಿಂದ ಈ ಗೆರೆ ಇನ್ನೂ ದಪ್ಪವಾಗಿದೆ. ಉದ್ದ, ಸಿಸಿ ಎರಡೂ ಗೆರೆಯ ಒಳಗಿದ್ದರೆ ಜಿಎಸ್‌ಟಿ 18 ಪರ್ಸೆಂಟ್, ಒಂದು ಮೀರಿದರೂ 40. ಮೇಲೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಬೇರೆ.

ಈಗ ನಿಮ್ಮ ಆಸೆಯ ಗಾಡಿಗೆ ಹತ್ತಿರ ಬರುವ ಎರಡನ್ನು ನೋಡಿ. ಜಿಮ್ನಿಯ ಉದ್ದ 3985 ಮಿಲಿಮೀಟರ್, ಗೆರೆಯ ಒಳಗೇ ಇದೆ. ಆದರೆ ಪೆಟ್ರೋಲ್ ಎಂಜಿನ್ 1462 ಸಿಸಿ. ಹಾಗಾಗಿ 40. ಮಹೀಂದ್ರದ ಮೂರು ಬಾಗಿಲಿನ ಥಾರ್ ಕೂಡ 3985. ಫೋರ್ ಬೈ ಫೋರ್ ಥಾರ್‌ನಲ್ಲಿ 2.2 ಲೀಟರ್ ಡೀಸೆಲ್, ಅದಕ್ಕೂ 40. ಆದರೆ 2023ರ ಜನವರಿಯಲ್ಲಿ ಹಿಂದಿನ ಚಕ್ರ ಮಾತ್ರ ತಿರುಗುವ ಥಾರ್ ಬಂತು, ನೆನಪಿದೆಯಲ್ವಾ? ಬಾಡಿ ಅದೇ. ಅವರದೇ ಎಕ್ಸ್‌ಯುವಿ 300ರಲ್ಲಿ ಆಗಲೇ ಓಡುತ್ತಿದ್ದ 1.5 ಲೀಟರ್ ಡೀಸೆಲ್ ತಂದು ಇದಕ್ಕೆ ಕೂರಿಸಿದರು. 1497 ಸಿಸಿ. ಶುರುವಿನ ಬೆಲೆ 9.99 ಲಕ್ಷ. ಹೊಸ ಎಂಜಿನ್ ಇಲ್ಲ, ಹೊಸ ಬಾಡಿ ಇಲ್ಲ, ಎರಡು ಹಳೆಯ ಸಾಮಾನು ಸೇರಿಸಿ ತೆರಿಗೆ ಗೆರೆಯ ಒಳಗೆ ತಂದರು. ಕಂಪನಿಯೊಳಗೆ ಇಂಥ ಪ್ರಸ್ತಾಪ ಬೇಗ ಪಾಸಾಗುತ್ತದೆ.

"ಹಾಗಾದರೆ ಆ 1.5 ಡೀಸೆಲ್‌ಗೇ ಫೋರ್ ಬೈ ಫೋರ್ ಕೊಡಬಹುದಲ್ಲಾ" ಅಂತ ನೀವು ಕೇಳುತ್ತೀರಿ. ಕಾಗದದ ಮೇಲೆ ಅದೇ ನಿಮ್ಮ ಗಾಡಿ. ನನ್ನ ಅಂದಾಜು ಏನಂದ್ರೆ, ಅದಕ್ಕೆ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಎಳೆತವನ್ನು ಮುಂದಿನ ಚಕ್ರಕ್ಕೂ ಹಂಚುವ ಪೆಟ್ಟಿಗೆ) ಜೋಡಿಸಿ ಮತ್ತೆ ಪೂರ್ತಿ ಪರೀಕ್ಷೆ ಮಾಡಿಸುವ ಖರ್ಚು ಒಂದು ಕಡೆ. ಅದು ಬಂದರೆ ಜಾಸ್ತಿ ಲಾಭ ಇರುವ 2.2ರ ಮಾರಾಟಕ್ಕೇ ಕತ್ತರಿ ಬೀಳುತ್ತದೆ ಅನ್ನುವುದು ಇನ್ನೊಂದು ಕಡೆ. ಹೊಸ ಗಿರಾಕಿ ಎಷ್ಟು ಬರುತ್ತಾರೆ ಅನ್ನುವುದರ ಜೊತೆಗೆ ನಮ್ಮದೇ ಬೇರೆ ಗಾಡಿಯ ಗಿರಾಕಿ ಎಷ್ಟು ಹೋಗುತ್ತಾರೆ ಅಂತಲೂ ಲೆಕ್ಕ ಹಾಕೇ ಹಾಕುತ್ತಾರೆ.

ಜಿಮ್ನಿಗೆ ಡೀಸೆಲ್ ಬರುವ ಮಾತಂತೂ ಬಿಟ್ಟುಬಿಡಿ. ಫಿಯಟ್‌ನ 1.3 ಡೀಸೆಲ್ ಸ್ವಿಫ್ಟ್, ಡಿಸೈರ್, ಬ್ರೆಜಾ ಎಲ್ಲದರಲ್ಲೂ ಇತ್ತು. ಟಾಟಾ ಗಾಡಿಗಳಲ್ಲೂ ಇತ್ತು. ಆದರೂ 2019ರ ಏಪ್ರಿಲ್‌ನಲ್ಲೇ ಮಾರುತಿ ಹೇಳಿತು, 2020ರ ಏಪ್ರಿಲ್ 1ರಿಂದ ಡೀಸೆಲ್ ಇಲ್ಲ ಅಂತ. ತಾವೇ ಮಾಡಿದ 1.5 ಡೀಸೆಲ್ ಅದೇ ವರ್ಷ ಸಿಯಾಜ್ ಮತ್ತು ಎರ್ಟಿಗಾಗೆ ಬಂದಿತ್ತು. ಅದನ್ನೂ ನಿಲ್ಲಿಸಿದರು. ಬಿಎಸ್ 6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್‌ಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ನೈಟ್ರೋಜನ್ ಆಕ್ಸೈಡ್ ಇಳಿಸುವ ಸಾಮಾನು ಬೇಕೇ ಬೇಕು. ಇಪ್ಪತ್ತೈದು ಲಕ್ಷದ ಗಾಡಿಯಲ್ಲಿ ಆ ಖರ್ಚು ಮುಚ್ಚಿಹೋಗುತ್ತದೆ, ಎಂಟು ಲಕ್ಷದ ಗಾಡಿಯಲ್ಲಿ ಎದ್ದು ಕಾಣುತ್ತದೆ. 2023ರ ಏಪ್ರಿಲ್‌ನಲ್ಲಿ ರಸ್ತೆ ಮೇಲೆ ಓಡುವಾಗಲೇ ಹೊಗೆ ಅಳೆಯುವ ನಿಯಮ ಬಂತು. ಹೋಂಡಾ ಆ ಹೊತ್ತಿಗೆ ಇಲ್ಲಿ ಡೀಸೆಲ್ ಬಿಟ್ಟೇಬಿಟ್ಟಿತು.

ಇನ್ನೊಂದು ಮಾತು. ಜಿಮ್ನಿಯ ಐದು ಬಾಗಿಲಿನ ಗಾಡಿ ಗುರುಗ್ರಾಮದಲ್ಲಿ ತಯಾರಾಗುತ್ತದೆ. 2025ರ ಜನವರಿ ಕೊನೆಯಲ್ಲಿ ಅದನ್ನೇ ಜಪಾನ್‌ನಲ್ಲಿ ನೊಮೇಡ್ ಅನ್ನುವ ಹೆಸರಲ್ಲಿ ಬಿಟ್ಟರು. ತಿಂಗಳಿಗೆ 1,200 ಮಾರುವ ಯೋಜನೆ ಇತ್ತು. ನಾಲ್ಕೇ ದಿನದಲ್ಲಿ ಸುಮಾರು 50,000 ಆರ್ಡರ್ ಬಂದು ಬುಕಿಂಗ್ ನಿಲ್ಲಿಸಬೇಕಾಯಿತು. ಆ ಗಿರಾಕಿಗಳು ಕೇಳಿದ್ದು ಪೆಟ್ರೋಲ್ ಗಾಡಿಯನ್ನೇ. ಅಂದ ಮೇಲೆ ಜಿಮ್ನಿಗೆ ಹಾಕುವ ದುಡ್ಡು ಎತ್ತ ಹೋಗುತ್ತದೆ ಅಂತ ನೀವೇ ಊಹಿಸಿ.

ಇನ್ನು ನೂರು ಜನದ ಲೆಕ್ಕ. ಇದು ನನ್ನ ದಿನದ ಕೆಲಸ. ಕಾರ್ ಕಂಪನಿಯಿಂದ ನಮಗೆ ಡ್ರಾಯಿಂಗ್ ಬರುವಾಗ ಜೊತೆಗೆ ವರ್ಷಕ್ಕೆ ಎಷ್ಟು ಪೀಸ್ ಅಂತಲೂ ಬರುತ್ತದೆ. ಒಂದು ಡೋರ್ ಟ್ರಿಮ್‌ನ (ಬಾಗಿಲ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಮೋಲ್ಡ್‌ಗೆ, ಅಂದ್ರೆ ಅಚ್ಚಿಗೆ, 60 ಲಕ್ಷ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ವರ್ಷಕ್ಕೆ 60 ಸಾವಿರ ಗಾಡಿ, ಐದು ವರ್ಷ ಓಡಿದರೆ ಒಂದು ಪೀಸ್ ಮೇಲೆ ಮೋಲ್ಡ್ ಖರ್ಚು 20 ರೂಪಾಯಿ. ವರ್ಷಕ್ಕೆ ಎರಡೇ ಸಾವಿರ ಗಾಡಿ ಆದರೆ ಅದೇ ಪೀಸ್ ಮೇಲೆ 600 ರೂಪಾಯಿ. ಒಂದು ಕಾರಿನಲ್ಲಿ ಇಂಥ ಪೀಸ್ ಎಷ್ಟಿರುತ್ತವೆ, ನೋಡಿ. ಜೊತೆಗೆ ವೈರಿಂಗ್ ಹಾರ್ನೆಸ್ (ಗಾಡಿಯ ವೈರುಗಳ ಕಟ್ಟು) ಬೇರೆ, ಲೈನ್ ಪಕ್ಕದಲ್ಲಿ ಆ ವೇರಿಯಂಟ್‌ನ ಸಾಮಾನು ಇಡಲು ಜಾಗ ಬೇರೆ, ಸರ್ವಿಸ್ ಸೆಂಟರ್‌ನಲ್ಲಿ ವರ್ಷಗಟ್ಟಲೆ ಸ್ಪೇರ್ ಇಡುವುದು ಬೇರೆ.

ಅದಕ್ಕೇ ಕೆಳಗಿನ ವೇರಿಯಂಟ್‌ನಲ್ಲಿ ಸ್ಟೀರಿಂಗ್ ಪಕ್ಕ ಬಟನ್ ಇರಬೇಕಾದ ಕಡೆ ಖಾಲಿ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಪ್ಯಾನೆಲ್ ಒಂದೇ, ಮೋಲ್ಡ್ ಒಂದೇ. ಮುಚ್ಚಳ ಹಾಕಿದರೆ ಖರ್ಚು ಕಡಿಮೆ. ಬಟನ್ ಇಲ್ಲದ ಬೇರೆ ಪ್ಯಾನೆಲ್ ಮಾಡಿದರೆ ಜಾಸ್ತಿ. "ಇದೆಲ್ಲ ಬೇಡ, ತೆಗೆದು ಕಡಿಮೆಗೆ ಕೊಡಿ" ಅಂತ ನಾವು ಕೇಳುತ್ತೇವೆ. ತೆಗೆಯುವುದಕ್ಕೂ ದುಡ್ಡು ಬೇಕು, ಅಣ್ಣ.

ಸನ್‌ರೂಫ್ ಬಗ್ಗೆ ಎಲ್ಲರಿಗೂ ಸಿಟ್ಟಿದೆ. ಶೋರೂಮ್‌ನಲ್ಲಿ ಬಟನ್ ಒತ್ತಿದ ತಕ್ಷಣ ಮನೆಮಂದಿಗೆಲ್ಲ ಕಾಣುತ್ತದೆ, ಮಕ್ಕಳು ಬಿಡುವುದಿಲ್ಲ. ಗಾಡಿಯ ಅಡಿಗೆ ತುಕ್ಕು ಹಿಡಿಯದಂತೆ ಒಳ್ಳೆಯ ಕೋಟಿಂಗ್ ಕೊಟ್ಟರೆ ಯಾರಿಗೂ ಕಾಣುವುದಿಲ್ಲ. ಕಾಣದ್ದಕ್ಕೆ ದುಡ್ಡು ಹಾಕಿಸುವುದು ಕಷ್ಟ, ಆದರೆ ಆಗದ ಕೆಲಸವಲ್ಲ. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ಬಂತು. ಗಾಡಿಯ ಸುರಕ್ಷತೆ ಅನ್ನುವ ಕಾಣದ ವಿಷಯ ಸ್ಟಾರ್ ಲೆಕ್ಕದಲ್ಲಿ ಕಣ್ಣಿಗೆ ಕಂಡಿತು, ಗಿರಾಕಿ ಅದನ್ನು ಕೇಳಲು ಶುರು ಮಾಡಿದ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. 2024ರ ಡಿಸೈರ್‌ನಲ್ಲಿ ಎಲ್ಲ ವೇರಿಯಂಟ್‌ಗೂ ಆರು ಏರ್‌ಬ್ಯಾಗ್, ಅದಕ್ಕೂ ಐದು ಸ್ಟಾರ್. ಈ ಬದಲಾವಣೆ ನನಗೆ ನಿಜವಾಗಿಯೂ ಖುಷಿ ಕೊಟ್ಟಿದೆ.

ಹಾಗಾದರೆ ನಮ್ಮ ಮಾತು ಕೇಳಿಸುವುದೇ ಇಲ್ಲವಾ? ಕೇಳಿಸುತ್ತದೆ, ಬುಕಿಂಗ್ ರೂಪದಲ್ಲಿ. ನಮ್ಮ ಬಿಡದಿಯ ಇನ್ನೋವಾ ನೋಡಿ. 2022ರಲ್ಲಿ ಡೀಸೆಲ್ ಕ್ರಿಸ್ಟಾ ಬುಕಿಂಗ್ ನಿಲ್ಲಿಸಿದರು, ವರ್ಷದ ಕೊನೆಗೆ ಹೈಕ್ರಾಸ್ ಬಂತು. ಅದು ಪೆಟ್ರೋಲ್, ಹೈಬ್ರಿಡ್, ಮುಂದಿನ ಚಕ್ರದ ಗಾಡಿ. ಆದರೆ ಟ್ಯಾಕ್ಸಿ ಮಾಲೀಕರಿಗೆ ಹಳೆಯ ಡೀಸೆಲ್ಲೇ ಬೇಕಿತ್ತು. 2023ರಲ್ಲಿ ಕ್ರಿಸ್ಟಾ ಮತ್ತೆ ಬಂತು, ಡೀಸೆಲ್ ಮ್ಯಾನುಯಲ್ ಮಾತ್ರ. ಬಾಡಿ ಒತ್ತುವ ಅಚ್ಚು, ಲೈನ್ ಎಲ್ಲ ಇದ್ದದ್ದೇ, ಕೊಳ್ಳುವವರು ಸಾವಿರಗಟ್ಟಲೆ ಇದ್ದರು. ಎರಡೂ ಕೂಡಿ ಬಂದಿದ್ದರಿಂದ ಕೆಲಸ ಆಯಿತು.

ನಮ್ಮ ಕಡೆ ಆಗುವುದು ಬೇರೆ. ಕೆಳಗಿನ ಡೀಸೆಲ್ ವೇರಿಯಂಟ್ ಕೇಳಲು ಹೋಗುತ್ತೇವೆ. "ಅದಕ್ಕೆ ಮೂರು ತಿಂಗಳು, ಸನ್‌ರೂಫ್ ಇರೋದು ನಾಳೆನೇ ಡೆಲಿವರಿ" ಅನ್ನುತ್ತಾರೆ. ಅದನ್ನೇ ತರುತ್ತೇವೆ. ಕಂಪನಿಯ ಲೆಕ್ಕದಲ್ಲಿ ಸನ್‌ರೂಫ್ ಬೇಕು ಅನ್ನುವವರ ಸಂಖ್ಯೆ ಒಂದು ಜಾಸ್ತಿಯಾಗುತ್ತದೆ. ದಯವಿಟ್ಟು ಇದನ್ನು ಬಿಡಿ. ಬೇಕಾದ ವೇರಿಯಂಟನ್ನೇ ಬುಕ್ ಮಾಡಿ, ಬುಕಿಂಗ್ ರಸೀದಿಯಲ್ಲಿ ವೇರಿಯಂಟ್ ಹೆಸರು ಬರೆಸಿಕೊಳ್ಳಿ. ಡೆಲಿವರಿ ಆದ ಮೇಲೆ ಕಂಪನಿಯಿಂದ ಬರುವ ಫೋನ್‌ಗೆ ಉತ್ತರ ಕೊಡಿ.

ಈಗ ನಿಮ್ಮ ಗಾಡಿ. ಫೋರ್ ಬೈ ಫೋರ್ ನಿಜವಾಗಿ ಎಷ್ಟು ದಿನ ಬೇಕು ಅಂತ ಮೊದಲು ಯೋಚಿಸಿ. ಮಳೆಗಾಲದ ಒಂದೆರಡು ಏರು ಮಾತ್ರ ಕಷ್ಟ ಅಂದ್ರೆ, ಬೊಲೆರೊ ನಿಯೋದಲ್ಲಿ ಲಾಕಿಂಗ್ ಡಿಫರೆನ್ಷಿಯಲ್ ಇರುವ ವೇರಿಯಂಟ್ ಓಡಿಸಿ ನೋಡಿ. ಹಿಂದಿನ ಒಂದು ಚಕ್ರ ಕೆಸರಲ್ಲಿ ಸುಮ್ನೆ ತಿರುಗಿದರೆ ಅದು ಎರಡನ್ನೂ ಕಟ್ಟಿ ಎಳೆಯುತ್ತದೆ. 1.5 ಡೀಸೆಲ್, 4 ಮೀಟರ್ ಒಳಗೆ, ಹಾಗಾಗಿ 18ರ ಸಾಲು. ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿಸಿದರೆ ಬಹಳಷ್ಟು ತೋಟದ ರಸ್ತೆಗೆ ಸಾಕು. ದಿನಾ ಜಾರುವ ಏರು, ಹಳ್ಳ ದಾಟುವುದು ಇದ್ದರೆ 2.2 ಡೀಸೆಲ್ ಥಾರ್ ಫೋರ್ ಬೈ ಫೋರ್. ಬಜೆಟ್ ಮೀರುತ್ತದೆ, ಆದರೆ ಮರುಮಾರಾಟದಲ್ಲಿ ಬೆಲೆ ಸಿಗುತ್ತದೆ. ಎರಡು–ಮೂರು ವರ್ಷ ಹಳೆಯದನ್ನೂ ಹುಡುಕಬಹುದು, ಆದರೆ ಲೋ ರೇಂಜ್ (ಕಡಿದಾದ ಏರಿಗೆ ಇರುವ ನಿಧಾನದ, ಜಾಸ್ತಿ ಎಳೆತದ ಗೇರ್) ಹಾಕಿ ಓಡಿಸದೆ ತಗೋಬೇಡಿ. ವರ್ಷಕ್ಕೆ ಓಡುವುದೇ ಕಡಿಮೆ ಅಂದ್ರೆ ಜಿಮ್ನಿಯ ಪೆಟ್ರೋಲ್ ಖರ್ಚು ನೀವು ಅಂದುಕೊಂಡಷ್ಟು ಹೊರೆ ಆಗಲಿಕ್ಕಿಲ್ಲ. ಡೀಸೆಲ್ ಗಾಡಿಯಾದರೆ ಮೇಲೆ ಹೇಳಿದ ಮಸಿ ಫಿಲ್ಟರ್ ಸ್ವಚ್ಛ ಆಗಲು ಆಗಾಗ ಹೈವೇಯಲ್ಲಿ ಓಡಲೇಬೇಕು. ತೋಟದಿಂದ ಪೇಟೆಗೆ ಮಾತ್ರ ಓಡಿಸಿದರೆ ಅದು ಕಟ್ಟಿಕೊಂಡು ಎಚ್ಚರಿಕೆ ದೀಪ ಹತ್ತುತ್ತದೆ.

ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಟ್ರೇಲರ್ ಎಳೆಯುವುದಿದೆಯಾ, ಕಷ್ಟದ ಏರಿನಲ್ಲಿ ನೆಲ ಜೇಡಿಯಾ ಜಲ್ಲಿಯಾ ಅಂತ ಇಲ್ಲೇ ಬರೆಯಿರಿ. ಟೈರ್ ಸೈಜ್ ಸಮೇತ ಹೇಳುತ್ತೇನೆ.