ನೆಗಡಿಯಾದಾಗ ಕೆನ್ನೆ, ಹಣೆಯೆಲ್ಲ ಒತ್ತಿದಂತೆ ನೋಯುತ್ತದೆ, ಉಪಶಮನ ಹೇಗೆ?

ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಕೆನ್ನೆಯೊಳಗೆ ಭಾರ ಜಗ್ಗಿದಂತಾಗಿ ನೋವು ಹೆಚ್ಚುವುದಾದರೆ, ಅದು ಬಹುಮಟ್ಟಿಗೆ ಸೈನಸ್ಸಿನ ಒತ್ತಡವೇ. ಮುಖದ ಮೂಳೆಗಳೊಳಗಿನ ಈ ಟೊಳ್ಳುಗಳು ಕಿರಿದಾದ ರಂಧ್ರಗಳ ಮೂಲಕ ಮೂಗಿಗೆ ತೆರೆದುಕೊಳ್ಳುತ್ತವೆ. ನೆಗಡಿಯಲ್ಲಿ ಒಳಪೊರೆ ಊದಿಕೊಂಡು ರಂಧ್ರ ಮುಚ್ಚಿದಾಗ ಸಿಂಬಳ ಒಳಗೇ ನಿಲ್ಲುತ್ತದೆ. ಕೆನ್ನೆಯ ಸೈನಸ್ಸಿನ ರಂಧ್ರವಂತೂ ತಳದಲ್ಲಿರದೆ ಮೇಲ್ಭಾಗದಲ್ಲಿರುವುದರಿಂದ, ನಾವು ನೆಟ್ಟಗಿರುವಾಗ ಅದು ತಾನಾಗಿ ಬಸಿಯುವುದು ಸುಲಭವಲ್ಲ.

ಮನೆಮದ್ದುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿಗೆ. ಸುಮಾರು 240 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ ಸಾಕು. ನೀರನ್ನು ಮಾತ್ರ ಕಡ್ಡಾಯವಾಗಿ ಚೆನ್ನಾಗಿ ಕುದಿಸಿ ಆರಿಸಿರಬೇಕು. ನಲ್ಲಿಯ ಅಥವಾ ಬಾವಿಯ ನೀರನ್ನು ಹಾಗೆಯೇ ಬಳಸಿದರೆ, ಅದರಲ್ಲಿರಬಹುದಾದ ಅಮೀಬಾ ಮೂಗಿನ ಮೂಲಕ ಮಿದುಳನ್ನು ಸೇರುವ, ಅಪರೂಪವಾದರೂ ಮಾರಕವಾದ ಅಪಾಯವಿದೆ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗಿಡುವುದು ಹಿತವೆನಿಸುತ್ತದೆ. ಹಬೆಯೂ ಅಷ್ಟೇ, ಆದರೆ ಕುದಿಯುವ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಆಕ್ಸಿಮೆಟಜೋಲಿನ್‌ನಂತಹ ಮೂಗಿನ ಹನಿಗಳು ನಿಮಿಷಗಳಲ್ಲೇ ಮೂಗು ತೆರೆಸಿದರೂ, 3 ದಿನ ಮೀರಿ ಬಳಸಿದರೆ ಕಟ್ಟುವಿಕೆ ಮರಳಿ ಬರುತ್ತದೆ.

ಸಿಂಬಳ ಹಳದಿಯಾದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ. 10 ದಿನ ಕಳೆದರೂ ಇಳಿಯದಿದ್ದರೆ ಅಥವಾ ಇಳಿದು ಮತ್ತೆ ಉಲ್ಬಣಿಸಿದರೆ ವೈದ್ಯರನ್ನು ಕಾಣಿ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜಾಗುವಿಕೆ, ಕತ್ತು ಸೆಟೆದುಕೊಳ್ಳುವಿಕೆ ಕಂಡರೆ ಆ ದಿನವೇ ಹೋಗಿ.