ಕ್ರೂಸ್‌ಗೆ ಏಜೆಂಟ್ ಬೇಕೇ? ಕಮಿಷನ್ ಲೆಕ್ಕ ಬಿಡಿ, ಮೊದಲು ಬಂದರುಗಳ ಪಟ್ಟಿ ನೋಡಿ

ವಯಸ್ಸಾದ ಅಪ್ಪ ಅಮ್ಮನನ್ನು ಗ್ರೀಸ್ ದ್ವೀಪಗಳ ಕ್ರೂಸ್‌ಗೆ ಕರೆದೊಯ್ಯಬೇಕು, ಏಜೆಂಟರ ಮೂಲಕ ಹೋಗಲೇ, ಇಲ್ಲ ಹಡಗು ಕಂಪನಿಯ ವೆಬ್‌ಸೈಟಿನಲ್ಲಿ ನಾನೇ ಬುಕ್ ಮಾಡಿ ಕಮಿಷನ್ ಉಳಿಸಲೇ ಎಂದು ಕೇಳಿದ್ದೀರಿ. ಇದೇ ಗ್ರೀಸ್, ಇದೇ ಚರ್ಚೆ ನಮ್ಮ ಮನೆಯಲ್ಲೂ ನಡೆದಿತ್ತು.

ನಮ್ಮ ತಂದೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳ ಪಾಠ ಮಾಡುವಾಗಲೆಲ್ಲ ಎಫೆಸಸ್‌ನ ಆರ್ಟೆಮಿಸ್ ದೇವಾಲಯದ ಬಳಿ ತಡೆದು ನಿಲ್ಲುತ್ತಿದ್ದರಂತೆ. ಆ ದೇವಾಲಯದ ಜಾಗದಲ್ಲಿ ಈಗ ಎತ್ತಿ ನಿಲ್ಲಿಸಿದ ಒಂದು ಕಂಬ ಬಿಟ್ಟರೆ ಹೆಚ್ಚೇನೂ ಇಲ್ಲ. ಆದರೆ ಆ ಊರಿನ ಅಮೃತಶಿಲೆಯ ಬೀದಿ, ಸೆಲ್ಸಸ್ ಗ್ರಂಥಾಲಯದ ಮುಂಭಾಗ ಇಂದಿಗೂ ನಿಂತಿವೆ. ಅದನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. ಅಮ್ಮನಿಗೆ ಸ್ಯಾಂಟೊರಿನಿಯ ಬಿಳಿ ಮನೆಗಳು. ಎರಡೂ ಒಂದೇ ಪ್ರವಾಸದಲ್ಲಿ ಸಿಗುವ ಕ್ರೂಸ್ ಇತ್ತು. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹೊರಟು ಮಿಕೊನೋಸ್, ಅಲ್ಲಿಂದ ಟರ್ಕಿಯ ಕುಶಾದಾಸಿ (ಎಫೆಸಸ್‌ಗೆ ಹೋಗುವವರು ಇಳಿಯುವ ಬಂದರು ಅದೇ), ಆಮೇಲೆ ಪಾಟ್ಮೋಸ್, ರೋಡ್ಸ್, ಕ್ರೀಟ್, ಸ್ಯಾಂಟೊರಿನಿ, ಮರಳಿ ಪಿರೇಯಸ್.

ಬುಕ್ ಮಾಡಿಸಿದ್ದು ನಮ್ಮ ಬಡಾವಣೆಯ ಏಜೆಂಟರಿಂದ. ಕಾಶಿಯಾತ್ರೆ, ಚಾರ್‌ಧಾಮ್, ತಂಗಿಯ ದುಬೈ ಟಿಕೆಟ್, ಎಲ್ಲವನ್ನೂ ವರ್ಷಗಳಿಂದ ಅವರೇ ಮಾಡಿಕೊಟ್ಟಿದ್ದರು. ಪ್ರಾಮಾಣಿಕರು. ಹಬ್ಬಕ್ಕೆ ಮನೆಗೆ ಬಂದು ಹೋಗುವಷ್ಟು ಸಲುಗೆ. ಕ್ರೂಸ್ ಅವರಿಗೆ ಹೊಸದು. ಮುಂಬೈನ ಸಗಟು ಏಜೆಂಟರೊಬ್ಬರಿಂದ ಕ್ಯಾಬಿನ್ ತರಿಸಿದರು. ವೀಸಾ ಅರ್ಜಿಯನ್ನೂ ತಮ್ಮ ಕಚೇರಿಯಲ್ಲೇ ತುಂಬಿದರು.

ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಪ್ರವಾಸ ಮುಳುಗಿದ್ದು ಆ ಅರ್ಜಿಯ ಒಂದು ಚೌಕದಲ್ಲಿ.

ಷೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ) ಅರ್ಜಿಯಲ್ಲಿ ಎಷ್ಟು ಸಲ ಪ್ರವೇಶ ಬೇಕು ಎಂಬ ಪ್ರಶ್ನೆ ಇರುತ್ತದೆ. ಒಂದು, ಎರಡು, ಹಲವು ಎಂದು ಮೂರು ಚೌಕಗಳು. ಏಜೆಂಟರ ಕಚೇರಿಯವರು ಮೊದಲನೆಯದಕ್ಕೆ ಗುರುತು ಹಾಕಿದರು. ವಿಮಾನದ ಟಿಕೆಟ್ ಮಾರುವವರ ಕಣ್ಣಿಗೆ ಅದೇ ಸರಿ: ಬೆಂಗಳೂರಿನಿಂದ ಹೋಗಿ ಅಥೆನ್ಸ್‌ನಲ್ಲಿ ಇಳಿಯುತ್ತಾರೆ, ಅಥೆನ್ಸ್‌ನಿಂದ ಹೊರಟು ಬರುತ್ತಾರೆ, ಒಳಗೆ ಹೋಗುವುದು ಒಂದೇ ಸಲ. ಆದರೆ ಹಡಗಿನ ದಾರಿ ಬೇರೆ. ಗ್ರೀಸ್ ಷೆಂಗೆನ್ ವಲಯದಲ್ಲಿದೆ, ಟರ್ಕಿ ಅದರಲ್ಲಿಲ್ಲ. ಮಿಕೊನೋಸ್‌ನಿಂದ ಕುಶಾದಾಸಿಗೆ ಹೊರಟ ಹಡಗು ರಾತ್ರೋರಾತ್ರಿ ಷೆಂಗೆನ್‌ನಿಂದ ಹೊರಗೆ ಹೋಗುತ್ತದೆ. ಕುಶಾದಾಸಿಯಿಂದ ಗ್ರೀಸ್‌ನ ಪಾಟ್ಮೋಸ್‌ಗೆ ಬಂದಾಗ ಮತ್ತೆ ಒಳಗೆ ಬರುತ್ತದೆ. ನೀವು ಕ್ಯಾಬಿನ್‌ನಲ್ಲಿ ನಿದ್ದೆ ಮಾಡುತ್ತಿದ್ದರೂ ವಲಸೆ ಇಲಾಖೆಯ ಲೆಕ್ಕದಲ್ಲಿ ಅದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಅಥೆನ್ಸ್ ವಿಮಾನ ನಿಲ್ದಾಣದಲ್ಲೇ ಖರ್ಚಾಗಿ ಹೋಗಿರುತ್ತದೆ. ಪಾಟ್ಮೋಸ್‌ಗೆ ಬರುವಾಗ ನಿಮ್ಮ ಕೈಯಲ್ಲಿರುವುದು ಸತ್ತ ವೀಸಾ.

ಹೀಗಾಗಿ ಹಡಗು ಕಂಪನಿ ನಿಮ್ಮನ್ನು ಪಾಟ್ಮೋಸ್‌ನವರೆಗೂ ಕರೆದೊಯ್ಯುವುದೇ ಇಲ್ಲ, ಪಿರೇಯಸ್‌ನಲ್ಲೇ ತಡೆಯುತ್ತದೆ. ಚೆಕ್-ಇನ್ ಕೌಂಟರಿನ ಹುಡುಗಿ ನಮ್ಮ ಪಾಸ್‌ಪೋರ್ಟ್‌ಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ವೀಸಾ ಪುಟ ತೆರೆದು, ಸ್ಟಿಕ್ಕರಿನ ಮೇಲಿನ ‘01’ ಎಂಬ ಅಂಕಿಯ ಕೆಳಗೆ ಉಗುರಿಟ್ಟು ತೋರಿಸುತ್ತ ಹೋದಳು. ಲಗೇಜಿಗೆ ಕ್ಯಾಬಿನ್ ನಂಬರಿನ ಪಟ್ಟಿ ಆಗಲೇ ಅಂಟಿಸಿಯಾಗಿತ್ತು. ನಾವು ಟರ್ಕಿಯಲ್ಲಿ ಇಳಿಯುವುದೇ ಇಲ್ಲ, ಹಡಗಿನಲ್ಲೇ ಕೂತಿರುತ್ತೇವೆ ಎಂದು ಬೇಡಿಕೊಂಡೆ. ಇಳಿದರೂ ಇಳಿಯದಿದ್ದರೂ ಹಡಗು ಗಡಿ ದಾಟುತ್ತದೆ ಎಂದಳು. ಅವಳ ಮಾತಿನಲ್ಲಿ ಒರಟುತನ ಇರಲಿಲ್ಲ. ದಿನಾ ಯಾರಾದರೂ ಹೀಗೆ ಬಂದು ನಿಲ್ಲುತ್ತಾರೆ ಎಂದೂ ಹೇಳಿದಳು.

ಏಜೆಂಟರಿಗೆ ಫೋನ್ ಮಾಡಿದರೆ ಭಾನುವಾರ, ಅಂಗಡಿ ಮುಚ್ಚಿತ್ತು. ಮೊಬೈಲ್ ಕೂಡ ತೆಗೆಯಲಿಲ್ಲ. ಹಡಗು ಕಂಪನಿಯ ಸಹಾಯವಾಣಿಗೆ ಮಾಡಿದರೆ, ಇದು ಏಜೆಂಟರ ಬುಕಿಂಗ್, ಬದಲಾವಣೆ ಏನಿದ್ದರೂ ಅವರೇ ಕೇಳಬೇಕು ಎಂಬ ಉತ್ತರ. ಅವರ ದಾಖಲೆಯಲ್ಲಿ ಇದ್ದದ್ದು ಮುಂಬೈನ ಸಗಟು ಏಜೆಂಟರ ಹೆಸರು. ನಮ್ಮ ಏಜೆಂಟರು ಯಾರೆಂಬುದೇ ಅವರಿಗೆ ಗೊತ್ತಿರಲಿಲ್ಲ. ಇಷ್ಟೆಲ್ಲ ಆಗುವಷ್ಟರಲ್ಲಿ ಹಡಗು ಹೊರಟಿತು. ಪ್ರಯಾಣದ ದಾಖಲೆಗಳ ಹೊಣೆ ಪ್ರಯಾಣಿಕರದೇ ಎಂದು ಟಿಕೆಟಿನ ಕರಾರಿನಲ್ಲಿ ಅಚ್ಚಾಗಿತ್ತು, ಹಾಗಾಗಿ ಕ್ರೂಸ್ ಹಣದಲ್ಲಿ ಬಿಡಿಗಾಸೂ ವಾಪಸ್ ಬರಲಿಲ್ಲ. ವೀಸಾಕ್ಕೆಂದು ಮಾಡಿಸಿದ್ದ ವಿಮೆಯೂ ಕೈ ಹಿಡಿಯಲಿಲ್ಲ. ಆ ವಿಮೆ ಮುಖ್ಯವಾಗಿ ಆಸ್ಪತ್ರೆ ಖರ್ಚಿನದು, 30,000 ಯೂರೋ ವೈದ್ಯಕೀಯ ರಕ್ಷಣೆ ಇರಬೇಕೆಂಬ ನಿಯಮಕ್ಕಾಗಿ ಕೊಳ್ಳುವಂಥದ್ದು. ದಾಖಲೆ ಸರಿಯಿಲ್ಲದೆ ಹಡಗು ತಪ್ಪಿದರೆ ಅದರಿಂದ ಏನೂ ಹುಟ್ಟುವುದಿಲ್ಲ.

ಮರುದಿನ ಪಿರೇಯಸ್‌ನಿಂದಲೇ ಹೊರಡುವ ಸಾಮಾನ್ಯ ಫೆರ್ರಿ ಹಿಡಿದು ಸ್ಯಾಂಟೊರಿನಿಗೆ ಹೋದೆವು. ಗ್ರೀಸ್‌ನಿಂದ ಗ್ರೀಸ್‌ಗೆ, ಆದ್ದರಿಂದ ವೀಸಾದ ತೊಡಕಿಲ್ಲ. ಅಮ್ಮನ ಆಸೆ ತೀರಿತು. ಅಪ್ಪ ಅಥೆನ್ಸ್‌ನ ಅಕ್ರೊಪೊಲಿಸ್ ಕೋಟೆ ನೋಡಿದರು, ಎಫೆಸಸ್ ನೋಡಲಿಲ್ಲ. ಅದಕ್ಕೆಂದೇ ಆರಿಸಿದ್ದ ಬಂದರು ಅದಕ್ಕೇ ಅಡ್ಡಬಂತು. ಈಗ ಅವರ ಮಂಡಿ ಇನ್ನೊಂದು ಪ್ರಯಾಣಕ್ಕೆ ಒಪ್ಪುವುದಿಲ್ಲ. ಹಣ ಹೋದದ್ದಕ್ಕಿಂತ ನನಗೆ ಇಂದಿಗೂ ಹೊಟ್ಟೆ ಉರಿಯುವುದು ಅದಕ್ಕೆ.

ಈಗ ನಿಮ್ಮ ಪ್ರಶ್ನೆ. ಕಮಿಷನ್ ಉಳಿಸುವ ಮಾತನ್ನು ತಲೆಯಿಂದ ತೆಗೆದುಹಾಕಿ. ಏಜೆಂಟರಿಗೆ ಕಮಿಷನ್ ಕೊಡುವುದು ಹಡಗು ಕಂಪನಿ, ಅದೂ ಮೂಲ ದರದ ಮೇಲೆ. ಬಂದರು ಶುಲ್ಕ, ತೆರಿಗೆಗಳ ಮೇಲೆ ಅಲ್ಲ. ನೀವು ನೇರವಾಗಿ ಬುಕ್ ಮಾಡಿದರೆ ಆ ಹಣ ಕಂಪನಿಯಲ್ಲೇ ಉಳಿಯುತ್ತದೆ, ನಿಮ್ಮ ಜೇಬಿಗೆ ಬರುವುದಿಲ್ಲ. ದರ ಸಾಮಾನ್ಯವಾಗಿ ಎರಡೂ ಕಡೆ ಒಂದೇ. ಅನುಭವಿ ಏಜೆಂಟರು ತಮ್ಮ ಪಾಲಿನಲ್ಲಿ ಸ್ವಲ್ಪವನ್ನು ಹಡಗಿನ ಖರ್ಚಿಗೆ ಜಮಾ ಮಾಡಿಸಿಕೊಡುವುದೂ ಉಂಟು. ಅವರು ಸೇವಾಶುಲ್ಕ ಸೇರಿಸುವುದಾದರೆ ಬಿಲ್ ಬಿಡಿಸಿ ಕೊಡಲು ಹೇಳಿ: ಹಡಗಿನ ದರ ಎಷ್ಟು, ಬಂದರು ಶುಲ್ಕ ಎಷ್ಟು, ಹಡಗಿನ ಸಿಬ್ಬಂದಿಯ ದಿನದ ಟಿಪ್ಸ್ ಸೇರಿದೆಯೇ ಇಲ್ಲವೇ, ಜಿಎಸ್‌ಟಿ ಎಷ್ಟು. ಟಿಸಿಎಸ್ (ಮಾರುವವರು ಮುಂಚೆಯೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಎಂದು ಹಿಡಿದದ್ದು ನಿಮ್ಮ ಪ್ಯಾನ್ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣಬೇಕು, ರಿಟರ್ನ್ಸ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಏಜೆಂಟ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಡಗು ಬಲ್ಲ ಏಜೆಂಟರು ಬೇಕು. ವಿಮಾನದ ಟಿಕೆಟ್ ಮಾರುವ ಏಜೆಂಟರು, ಎಷ್ಟೇ ಒಳ್ಳೆಯವರಾಗಿರಲಿ, ಇದಕ್ಕೆ ಬೇಡ. ಸಿಹಿ ತಿಂಡಿಯ ಅಂಗಡಿಯವರು ಒಳ್ಳೆಯವರೆಂದು ಅವರ ಕೈಯಲ್ಲಿ ಒಡವೆ ಮಾಡಿಸುವುದಿಲ್ಲವಲ್ಲ. ಅಂಥ ಏಜೆಂಟರಿಗಿಂತ ನೀವೇ ನೇರವಾಗಿ ಬುಕ್ ಮಾಡುವುದು ಎಷ್ಟೋ ವಾಸಿ. ಆಗ ಬುಕಿಂಗ್ ನಿಮ್ಮ ಹೆಸರಿನಲ್ಲಿ ಇರುತ್ತದೆ, ಸಹಾಯವಾಣಿಯವರು ನಿಮ್ಮ ಜೊತೆಯೇ ಮಾತನಾಡುತ್ತಾರೆ. ವೀಸಾ ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಆದರೆ ಬಂದರುಗಳ ಪಟ್ಟಿಯನ್ನು ಅರ್ಜಿಯ ಜೊತೆಗಿನ ಪತ್ರದಲ್ಲಿ ನೀವೇ ಬರೆದು, ಕುಶಾದಾಸಿಯ ದಿನಾಂಕವನ್ನೂ ಅಲ್ಲಿಂದ ಗ್ರೀಸ್‌ಗೆ ಮರಳುವ ದಿನಾಂಕವನ್ನೂ ಸ್ಪಷ್ಟವಾಗಿ ಕಾಣಿಸಿ, ಹಲವು ಪ್ರವೇಶದ ವೀಸಾ ಕೇಳಿ. ಪಾಸ್‌ಪೋರ್ಟ್ ಮರಳಿ ಬಂದಾಗ ವೀಸಾ ಕೇಂದ್ರದ ಬಾಗಿಲಲ್ಲೇ ಸ್ಟಿಕ್ಕರ್ ಓದಿ. ‘MULT’ ಎಂದೋ ಕನಿಷ್ಠ ‘02’ ಎಂದೋ ಇರಬೇಕು. ಟರ್ಕಿಯವರು ತಮ್ಮ ನೆಲದಲ್ಲಿ ಇಳಿಯಲು ಕೇಳುವ ನಿಯಮ ಬೇರೆ, ಅದನ್ನು ಹಡಗು ಕಂಪನಿಯಿಂದಲೇ ಲಿಖಿತವಾಗಿ ತರಿಸಿಕೊಳ್ಳಿ.

ಹಣ ಕಟ್ಟುವ ದಿನವನ್ನೂ ವೀಸಾ ದಿನವನ್ನೂ ಒಟ್ಟಿಗೆ ಇಟ್ಟು ನೋಡಿ. ಹಲವು ಕಂಪನಿಗಳು ಹೊರಡುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಪೂರ್ತಿ ಹಣ ಕೇಳುತ್ತವೆ. ಆಮೇಲೆ ರದ್ದು ಮಾಡಿದರೆ ಕಡಿತ ವಾರವಾರಕ್ಕೂ ಏರುತ್ತದೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲೇ ಸಲ್ಲಿಸಲು ಅವಕಾಶವಿದೆ. ಮುಂಗಡ ಕೊಟ್ಟು ಕ್ಯಾಬಿನ್ ಹಿಡಿದು, ವೀಸಾ ಕೈಗೆ ಬಂದ ಮೇಲೆ ಬಾಕಿ ಕಟ್ಟುವಂತೆ ಹೊಂದಿಸಿಕೊಂಡರೆ ನಿಮಗೆ ಹೆದರಿಕೆ ಇಲ್ಲ. ಬೇಸಿಗೆ ರಜೆಯ ಹೊತ್ತಿನಲ್ಲಿ ವೀಸಾ ಕೇಂದ್ರದ ಸಮಯ ಸಿಗುವುದೇ ಕಷ್ಟ, ಆದ್ದರಿಂದ ಚಳಿಗಾಲದಲ್ಲೇ ಶುರು ಮಾಡಿ. ಬಾಕಿ ಕಟ್ಟುವ ಮೊದಲು ದರ ಇಳಿದರೆ ಹೊಸ ದರಕ್ಕೆ ಬದಲಿಸಿಕೊಡುವ ಕಂಪನಿಗಳಿವೆ, ಏಜೆಂಟರು ಕೇಳಿದರೆ ಮಾತ್ರ.

ಟರ್ಕಿ ಬೇಡವೆಂದಾದರೆ ಪೂರ್ತಿ ಷೆಂಗೆನ್ ಒಳಗೇ ಸುತ್ತುವ ದಾರಿಗಳಿವೆ. ಬಾರ್ಸಿಲೋನಾ, ಮಾರ್ಸೆ, ಜಿನೋವಾ, ರೋಮ್ ಕಡೆಯ ಚಿವಿಟವೆಕಿಯಾ ಅಂಥವು. 2023ರ ಜನವರಿಯಿಂದ ಕ್ರೊಯೇಷಿಯಾ ಕೂಡ ಷೆಂಗೆನ್‌ಗೆ ಸೇರಿರುವುದರಿಂದ ಡುಬ್ರೊವ್ನಿಕ್‌ಗೆ ತೊಂದರೆಯಿಲ್ಲ. ಆದರೆ ಅದರ ಪಕ್ಕದ ಕೋಟೋರ್ ಬಂದರು ಮಾಂಟೆನೆಗ್ರೊದಲ್ಲಿದೆ, ಅಲ್ಲಿಗೆ ಹೋದರೆ ಇದೇ ಕಥೆ. ಅಪ್ಪ ಅಮ್ಮನಿಗೆ ಹಡಗಿನ ಅನುಭವವಷ್ಟೇ ಸಾಕೆಂದರೆ ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗಿಬನ್ನಿ, ವೀಸಾದ ಮಾತೇ ಇಲ್ಲ.

ಇನ್ನೊಂದು ವಿಷಯ, ನಮ್ಮ ಕಡೆಯವರಿಗೆ ಮುಖ್ಯ. ಅನೇಕ ಹಿರಿಯರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇರುತ್ತದೆ, ಇನಿಶಿಯಲ್ ಒಂದು ಕಡೆ ವಿಸ್ತರಿಸಿ ಇನ್ನೊಂದು ಕಡೆ ಹಾಗೇ ಉಳಿದಿರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದು ಹೇಳಿದಾಗ ಎಷ್ಟೋ ಮನೆಗಳಲ್ಲಿ ಗಲಿಬಿಲಿಯಾಗಿತ್ತು. ಹಡಗಿನ ಬುಕಿಂಗ್, ವಿಮಾನದ ಟಿಕೆಟ್, ವೀಸಾ, ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ.

ಏಜೆಂಟರನ್ನು ಪರೀಕ್ಷಿಸಲು ನಾನು ಈಗ ಎಲ್ಲರಿಗೂ ಹೇಳಿಕೊಡುವ ಪ್ರಶ್ನೆ ಒಂದಿದೆ: “ಸ್ಯಾಂಟೊರಿನಿಯಲ್ಲಿ ನಮ್ಮ ತಾಯಿ ಮೇಲಿನ ಊರಿಗೆ ಹೇಗೆ ಹತ್ತುತ್ತಾರೆ?” ಹಡಗು ಅಲ್ಲಿ ದಡಕ್ಕೆ ಬರುವುದಿಲ್ಲ, ನೀರಿನಲ್ಲೇ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತದೆ. ಹಳೆಯ ಬಂದರಿನಿಂದ ಮೇಲಿನ ಊರಾದ ಫಿರಾಗೆ ಏರಲು ಕೇಬಲ್ ಕಾರು, ಇಲ್ಲವೇ 500ಕ್ಕೂ ಹೆಚ್ಚು ಮೆಟ್ಟಿಲು. ಒಂದೆರಡು ಹಡಗು ಒಟ್ಟಿಗೆ ಬಂದರೆ ಕೇಬಲ್ ಕಾರಿನ ಸಾಲು ಬಿಸಿಲಿನಲ್ಲಿ ಬೆಳೆಯುತ್ತಲೇ ಹೋಗುತ್ತದೆ. 2025ರ ಜುಲೈನಿಂದ ಕ್ರೂಸ್ ಪ್ರಯಾಣಿಕರಿಗೆ ಅಲ್ಲೂ ಮಿಕೊನೋಸ್‌ನಲ್ಲೂ ಬೇಸಿಗೆಯಲ್ಲಿ ತಲೆಗೆ 20 ಯೂರೋ ಶುಲ್ಕವೂ ಇದೆ. ಕ್ರೂಸ್ ಮಾರಿ ಬಲ್ಲವರು ಇದನ್ನೆಲ್ಲ ನೀವು ಕೇಳಿ ಮುಗಿಸುವ ಮುಂಚೆಯೇ ಹೇಳುತ್ತಾರೆ, ಬೇಗ ಇಳಿಯುವ ದೋಣಿಗೆ ಚೀಟಿ ಪಡೆಯಿರಿ ಎನ್ನುತ್ತಾರೆ, ಅಮ್ಮನಿಗೆ ಲಿಫ್ಟ್ ಹತ್ತಿರದ ಕ್ಯಾಬಿನ್ ಕೊಡಿಸುತ್ತಾರೆ. ಅವರಿಂದಲೇ ಬುಕ್ ಮಾಡಿಸಿ. “ಅದೆಲ್ಲ ಹಡಗಿನವರೇ ನೋಡಿಕೊಳ್ಳುತ್ತಾರೆ ಬಿಡಿ ಸರ್” ಎಂದವರಿಗೆ ಮುಂಗಡ ಕೊಡಬೇಡಿ.