ನಿರುದ್ಯೋಗ ಶೇ 3.2 ಎಂಬ ಸರ್ಕಾರಿ ಅಂಕಿಯನ್ನು ನಂಬಬಹುದೇ?

ನಿಮ್ಮೂರಿನ ಅರ್ಧಕ್ಕರ್ಧ ಹುಡುಗರು ಕೆಲಸವಿಲ್ಲದೆ ಗೋವಾದ ದಾರಿ ಹಿಡಿದಿರುವಾಗ ನಿರುದ್ಯೋಗ ಶೇ 3.2 ಮಾತ್ರ ಎಂದು ಸರ್ಕಾರ ಹೇಗೆ ಹೇಳುತ್ತದೆ, ಅಂಕಿಯನ್ನು ತಿದ್ದುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಅರ್ಥಶಾಸ್ತ್ರಜ್ಞನಲ್ಲ; ಹದಿನೆಂಟು ವರ್ಷಗಳಿಂದ ಗೋವಾದ ವಾಸ್ಕೋದಲ್ಲಿ ಕಟ್ಟಡದ ಗುತ್ತಿಗೆದಾರರೊಬ್ಬರ ಬಳಿ ಕೂಲಿಯವರ ಹಾಜರಿ ಪುಸ್ತಕ ಬರೆಯುತ್ತಿದ್ದೇನೆ. ನನಗೆ ತಿಳಿದಮಟ್ಟಿಗೆ ಅಂಕಿಯನ್ನು ಯಾರೂ ತಿದ್ದಬೇಕಾಗಿಲ್ಲ, ‘ಕೆಲಸ’ ಎಂಬ ಮಾತಿಗೆ ಸಮೀಕ್ಷೆ ಕೊಟ್ಟಿರುವ ಅರ್ಥವೇ ಅದನ್ನು ಚಿಕ್ಕದು ಮಾಡುತ್ತದೆ.

ಶೇ 3.2 ಎಂಬುದು ಕೇಂದ್ರ ಸರ್ಕಾರ ಉದ್ಯೋಗದ ಬಗ್ಗೆ ನಡೆಸುವ ಪಿಎಲ್‌ಎಫ್‌ಎಸ್ ಎಂಬ ಸಮೀಕ್ಷೆಯಲ್ಲಿ, 2023–24ನೇ ಸಾಲಿಗೆ, ಹದಿನೈದು ವರ್ಷ ದಾಟಿದವರ ಬಗ್ಗೆ ‘ಸಾಮಾನ್ಯ ಸ್ಥಿತಿ’ಯ ಲೆಕ್ಕದಲ್ಲಿ ಬಂದ ಅಂಕಿ. ಈ ಲೆಕ್ಕದಲ್ಲಿ ವರ್ಷದ ಹೆಚ್ಚಿನ ಕಾಲ ಕೆಲಸ ಹುಡುಕುತ್ತ ಅಲೆದವನೂ ಮೂವತ್ತು ದಿನ ಎಲ್ಲಿಯಾದರೂ ದುಡಿದಿದ್ದರೆ ಉದ್ಯೋಗಿಯೇ ಆಗುತ್ತಾನೆ. ಅದೇ ಸಮೀಕ್ಷೆಯನ್ನು ಅದೇ ವರ್ಷಕ್ಕೆ ‘ವಾರದ ಸ್ಥಿತಿ’ಯಲ್ಲಿ ನೋಡಿದರೆ ನಿರುದ್ಯೋಗ ಶೇ 4.9 ಆಗುತ್ತದೆ. ಅಲ್ಲಿಯೂ ಹಿಂದಿನ ಏಳು ದಿನಗಳಲ್ಲಿ ಯಾವುದೋ ಒಂದು ದಿನ ಒಂದು ತಾಸು ದುಡಿದಿದ್ದರೆ ಸಾಕು.

ನನ್ನ ಪುಸ್ತಕದ ಜುಲೈ ತಿಂಗಳ ಒಂದು ಪುಟವನ್ನೇ ತೆಗೆದುಕೊಳ್ಳಿ. ಗದಗದ ಕಡೆಯ ಒಬ್ಬ ಗೌಂಡಿಯ ಹೆಸರಿನ ಮುಂದೆ ಆ ವಾರ ಐದು ಸೊನ್ನೆಗಳಿವೆ, ಬುಧವಾರಕ್ಕೆ ಅರ್ಧ ಹಾಜರಿ, ಶನಿವಾರಕ್ಕೆ ಪೂರ್ತಿ. ಉಳಿದ ದಿನಗಳಲ್ಲಿ ಅವನು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೇ ನಾಕಾದಲ್ಲಿ ನಿಂತು, ಮಳೆ ಬಿಡದಿದ್ದಾಗ ಹತ್ತು ಗಂಟೆಗೆ ಮರಳುತ್ತಿದ್ದ. ಒಂದೂವರೆ ಹಾಜರಿಯ ಪಗಾರದಲ್ಲಿ ವಾರ ಕಳೆದ ಈತ ಸಮೀಕ್ಷೆಯ ಲೆಕ್ಕದಲ್ಲಿ ಉದ್ಯೋಗಿ. ಅವನಿರುವ ಚಾಳಿನಲ್ಲೇ ತರಕಾರಿ ಗಾಡಿ ನಡೆಸುವವರ ಸೊಸೆ, ಮಾವ ಊಟಕ್ಕೆ ಹೋದಾಗ ದಿನವೂ ಎರಡು ತಾಸು ಗಾಡಿಯ ಮುಂದೆ ಕೂರುತ್ತಾಳೆ, ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ನೆರವಾಗುವ ಇಂಥವರಿಗೆ ಸಮೀಕ್ಷೆಯಲ್ಲಿ 21 ಎಂಬ ಸಂಕೇತವಿದೆ, ಅವರೂ ಉದ್ಯೋಗಿಗಳೇ. 2017–18ರಲ್ಲಿ ಶೇ 6 ಇದ್ದ ನಿರುದ್ಯೋಗ 3.2ಕ್ಕೆ ಇಳಿಯುವ ಹೊತ್ತಿಗೆ ದುಡಿಯುವವರಲ್ಲಿ ಸ್ವಂತ ಉದ್ಯೋಗದವರ ಪಾಲು ಶೇ 52.2ರಿಂದ 58.4ಕ್ಕೆ ಏರಿದೆ, ಸಂಬಳವಿಲ್ಲದ ಈ ನೆರವಿಗರೂ ಆ ಪಾಲಿನೊಳಗೇ ಸೇರಿದ್ದಾರೆ.

ಹಾಜರಿ ಪುಸ್ತಕದಂತೆ ಅರ್ಧ ದಿನವನ್ನೂ ಎಣಿಸುವ ‘ದಿನದ ಸ್ಥಿತಿ’ ಎಂಬ ಲೆಕ್ಕ ಹಿಂದಿನ ಸಮೀಕ್ಷೆಗಳಲ್ಲಿ ಇತ್ತು. 2011–12ರಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಶೇ 2.2 ಇದ್ದ ನಿರುದ್ಯೋಗ ವಾರದ ಸ್ಥಿತಿಯಲ್ಲಿ 3.7, ದಿನದ ಸ್ಥಿತಿಯಲ್ಲಿ 5.6 ಆಗಿತ್ತು. ನನ್ನ ಗೌಂಡಿಗೆ ಹತ್ತಿರವಾದ ಅಳತೆ ಈ ಮೂರನೆಯದು.

ನಿಮ್ಮ ಅನುಮಾನಕ್ಕೆ ಕಾರಣವಿಲ್ಲವೆಂದು ಹೇಳಲಾರೆ. 2017–18ರ ವರದಿ ಹೊರಬರದೆ ಉಳಿದಿದ್ದಾಗ, 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು, ವರದಿ ಬಂದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ ಕೊನೆಗೆ. ಆದರೆ ತಡೆದು ಇಟ್ಟುಕೊಂಡ ಅಂಕಿಯೂ ಸಮೀಕ್ಷೆಯಿಂದಲೇ ಬಂದ ಅಂಕಿ ಆಗಿತ್ತೆಂಬುದನ್ನು ಮರೆಯಬಾರದು.

ಇನ್ನೊಂದು ವಿಚಿತ್ರವನ್ನು ಗೋವಾದಲ್ಲಿದ್ದುಕೊಂಡು ಹೇಳದಿರಲಾರೆ. 2023–24ರಲ್ಲಿ ಗೋವಾದ ನಿರುದ್ಯೋಗ ಶೇ 8.5, ಮಧ್ಯಪ್ರದೇಶದ್ದು ಶೇ 1. ಇದನ್ನು ನೋಡಿ ಕೆಲಸಕ್ಕಾಗಿ ಯಾರೂ ಪಣಜಿ ಬಿಟ್ಟು ಭೋಪಾಲಕ್ಕೆ ಹೊರಡುವುದಿಲ್ಲ. ನಮ್ಮ ಮನೆ ಮಾಲೀಕರ ಮಗ ಪದವಿ ಮುಗಿಸಿ ಎರಡು ವರ್ಷದಿಂದ ಸರ್ಕಾರಿ ನೌಕರಿಗೆ ಅರ್ಜಿ ಹಾಕುತ್ತಿದ್ದಾನೆ, ತಂದೆಗೆ ಬಾಡಿಗೆ ಬರುತ್ತದೆ, ಕಾಯಬಲ್ಲ. ಆದ್ದರಿಂದ ಅವನು ನಿರುದ್ಯೋಗಿ. ಆ ಬಾಡಿಗೆ ಕಟ್ಟಬೇಕಾದ ಗೌಂಡಿಗೆ ಕಾಯುತ್ತ ಕೂರುವ ಅನುಕೂಲವಿಲ್ಲ, ಸಿಕ್ಕ ಅರ್ಧ ದಿನಕ್ಕೇ ಕೈ ಹಾಕುತ್ತಾನೆ.

ನೀವು ಅಂಕಿಗಳನ್ನು ಗಮನಿಸುವುದಾದರೆ 2025ರ ಏಪ್ರಿಲ್ ತಿಂಗಳ ಲೆಕ್ಕದಿಂದ ಶುರುವಾಗಿ ತಿಂಗಳಿಗೊಮ್ಮೆ ಪ್ರಕಟವಾಗುವ ವಾರದ ಸ್ಥಿತಿಯ ದರವನ್ನು ನೋಡಿ. ಮೊದಲ ತಿಂಗಳಲ್ಲಿ ಅದು ಶೇ 5.1 ಇತ್ತು. ಜೊತೆಗೆ ವಾರ್ಷಿಕ ವರದಿಯಲ್ಲಿ ಸಂಬಳದ ನೌಕರಿಯವರೆಷ್ಟು, ದಿನಗೂಲಿಯವರೆಷ್ಟು, ವಾರಕ್ಕೆ ಎಷ್ಟು ತಾಸು ದುಡಿದರು ಎಂಬ ಕೋಷ್ಟಕಗಳಿರುತ್ತವೆ. ಪತ್ರಿಕೆಗಳ ತಲೆಬರಹಕ್ಕೆ ಅವು ಬರುವುದಿಲ್ಲವಾದರೂ, ನೀವು ಕೇಳಿದ ಹುಡುಗರು ಸಿಗುವುದು ಅಲ್ಲಿಯೇ.